ಎರಡು ಅಲ್ಪವಿರಾಮಗಳ ನಡುವೆ

ಶಾಲೆಯೊಂದರ ದಾಖಲೆಯಲ್ಲಿ ಇಂಥದೊಂದು ಸಾಲು ಇದೆ ಎಂದುಕೊಳ್ಳಿ:

ಸಾವಿತ್ರಿ,,ಧಾರವಾಡ,9

ಹೆಸರು, ಫೋನ್ ನಂಬರ್, ಊರು, ತರಗತಿ ಎಂದು ನಾಲ್ಕು ಅಂಕಣ. ಫೋನ್ ನಂಬರ್ ಕೊಟ್ಟಿಲ್ಲವಾದ್ದರಿಂದ ಎರಡು ಅಲ್ಪವಿರಾಮಗಳು ಒತ್ತಿಕೊಂಡು ಕೂತಿವೆ. ಇಂಥ ಸಾಲನ್ನು ಬಿಡಿಬಿಡಿ ಪದಗಳಾಗಿ ಒಡೆಯುವುದು ಪ್ರೋಗ್ರಾಮಿಂಗ್ ಕಲಿಯಲು ಕೂತವರೆಲ್ಲ ಶುರುವಿನಲ್ಲೇ ಮಾಡುವ ಕೆಲಸ. ಆದರೆ ಈ ಕೆಲಸದೊಳಗೆ ಒಂದು ಗಟ್ಟಿ ಪ್ರಶ್ನೆ ಅಡಗಿದೆ: ಆ ಎರಡು ಅಲ್ಪವಿರಾಮಗಳ ನಡುವೆ ಏನಿದೆ? ಏನೂ ಇಲ್ಲವೆಂದು ದಾಟಿಹೋಗಬೇಕೇ, ಖಾಲಿ ಅಂಕಣವೊಂದಿದೆ ಎಂದು ಎಣಿಸಬೇಕೇ? ಬೇರೆ ಬೇರೆ ಭಾಷೆಗಳು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಆ ಉತ್ತರಗಳ ಹಿಂದಿನ ವಿಚಾರವನ್ನು ಹಿಡಿದರೆ ಈ ಕಸುಬಿನ ಸೊಗಸು ಗೊತ್ತಾಗುತ್ತದೆ.

ಸಿ ಭಾಷೆಯಿಂದ ಶುರುಮಾಡೋಣ. ಅಲ್ಲಿ ಸ್ಟ್ರಿಂಗ್ ಎಂದರೆ ಮೆಮೊರಿಯಲ್ಲಿ ಸಾಲಾಗಿ ಕೂತ ಬೈಟ್‌ಗಳು. ಪಠ್ಯ ಇಲ್ಲಿಗೆ ಮುಗಿಯಿತು ಎಂದು ತಿಳಿಸಲು ಕೊನೆಯಲ್ಲಿ ಸೊನ್ನೆ ಬೆಲೆಯ ಒಂದು ಬೈಟ್. ಸಾಲನ್ನು ಒಡೆಯಲು ಅದರಲ್ಲಿರುವ ಫಂಕ್ಷನ್ನಿನ ಹೆಸರು ಸ್ಟ್ರ್‌ಟಾಕ್. ಅದು ಕೆಲಸ ಮಾಡುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಸಾಲಿನ ಮೊದಲಿನಿಂದ ಹೊರಟು ಅಲ್ಪವಿರಾಮ ಸಿಗುವವರೆಗೆ ಒಂದೊಂದೇ ಬೈಟ್ ದಾಟುತ್ತದೆ. ಸಿಕ್ಕ ಕೂಡಲೇ ಅಲ್ಪವಿರಾಮವನ್ನು ಅಳಿಸಿ ಅದೇ ಜಾಗದಲ್ಲಿ ಸೊನ್ನೆ ಬರೆಯುತ್ತದೆ. 'ಸಾವಿತ್ರಿ' ಶುರುವಾಗುವ ವಿಳಾಸವನ್ನು ನಮ್ಮ ಕೈಗೆ ಕೊಡುತ್ತದೆ. ಹೊಸ ಮೆಮೊರಿ ಕೇಳಲಿಲ್ಲ, ಒಂದಕ್ಷರವನ್ನೂ ನಕಲು ಮಾಡಲಿಲ್ಲ. ಒಂದೇ ಒಂದು ಬೈಟ್ ಬದಲಿಸಿ ಇಡೀ ಪದವನ್ನು ಬೇರ್ಪಡಿಸಿತು. ಮೆಮೊರಿ ತುಟ್ಟಿಯಾಗಿದ್ದ ಕಾಲದವರ ಜಾಣ್ಮೆ ಇದು.

ಈ ಮಿತವ್ಯಯಕ್ಕೆ ತೆರಬೇಕಾದ ಬೆಲೆಯೂ ಇದೆ. ಮೂಲ ಸಾಲು ಇದ್ದಂತೆ ಉಳಿಯುವುದಿಲ್ಲ. ಹಿಂದಿನ ಸಲ ಎಲ್ಲಿ ನಿಂತಿತ್ತೆಂಬುದನ್ನು ಫಂಕ್ಷನ್ ತನ್ನೊಳಗೆ ಒಂದೇ ಕಡೆ ಗುರುತಿಟ್ಟುಕೊಳ್ಳುವುದರಿಂದ, ಒಂದು ಸಾಲನ್ನು ಒಡೆಯುವ ನಡುವೆ ಇನ್ನೊಂದಕ್ಕೆ ಕೈಹಾಕಿದರೆ ಮೊದಲಿನದರ ಗುರುತು ಅಳಿಸಿಹೋಗುತ್ತದೆ. ಆ ಗುರುತನ್ನು ಕರೆದವರ ಕೈಗೇ ಒಪ್ಪಿಸುವ ಸ್ಟ್ರ್‌ಟಾಕ್-ಆರ್ ಹುಟ್ಟಿದ್ದು ಇದಕ್ಕಾಗಿಯೇ. ಇವೆರಡಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎರಡನೇ ಸಲ ಕರೆದಾಗ ಸ್ಟ್ರ್‌ಟಾಕ್ ಎದುರಾದ ಅಲ್ಪವಿರಾಮವನ್ನು ದಾಟಿ ಸೀದಾ 'ಧಾರವಾಡ'ವನ್ನು ತಂದುಕೊಡುತ್ತದೆ. ಎಷ್ಟು ಅಲ್ಪವಿರಾಮಗಳು ಒಟ್ಟಿಗೆ ಬಂದರೂ ಅದರ ಲೆಕ್ಕದಲ್ಲಿ ಒಂದೇ. ಹಾಗಾಗಿ ಊರಿನ ಹೆಸರು ಫೋನ್ ನಂಬರಿನ ಅಂಕಣಕ್ಕೆ, ತರಗತಿ ಊರಿನ ಅಂಕಣಕ್ಕೆ ಸರಿದುಬಿಡುತ್ತವೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಖಾಲಿ ಅಂಕಣವನ್ನು ಖಾಲಿಯಾಗಿಯೇ ಕೊಡುವ ಸ್ಟ್ರ್‌ಸೆಪ್ ಎಂಬ ಫಂಕ್ಷನ್ ಬಿಎಸ್‌ಡಿ ಯುನಿಕ್ಸ್‌ನಿಂದ ಬಂತು.

ಹಾಗಾದರೆ ಸ್ಟ್ರ್‌ಟಾಕ್ ತಪ್ಪೇ? ಅಲ್ಲ. ಸಾಮಾನ್ಯ ಬರಹದಲ್ಲಿ ಪದಗಳ ನಡುವೆ ಒಂದು ಜಾಗ ಬಿಟ್ಟರೂ ಮೂರು ಬಿಟ್ಟರೂ ಪದಗಳು ಅವೇ. ಅಲ್ಲಿ ಗುಂಪನ್ನು ಒಂದೆಂದು ಎಣಿಸುವುದೇ ಸರಿ. ಎರಡೂ ಸಂದರ್ಭಗಳನ್ನು ಒಂದೇ ಉಪಕರಣದಲ್ಲಿ ಚೆನ್ನಾಗಿ ಹೊಂದಿಸಿದ್ದು ಆಕ್ ಭಾಷೆ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಲ್ಫ್ರೆಡ್ ಏಹೋ, ಪೀಟರ್ ವೈನ್‌ಬರ್ಗರ್, ಬ್ರಯಾನ್ ಕರ್ನಿಘನ್ ಸೇರಿ ರೂಪಿಸಿದ ಭಾಷೆ ಅದು. ನೀವು ಏನೂ ಹೇಳದಿದ್ದರೆ ಆಕ್ ಖಾಲಿ ಜಾಗ, ಟ್ಯಾಬ್‌ಗಳ ಗುಂಪನ್ನು ಒಂದೇ ಗಡಿಯೆಂದು ಹಿಡಿಯುತ್ತದೆ; ಸಾಲಿನ ಹಿಂದುಮುಂದಿನ ಖಾಲಿ ಜಾಗವನ್ನು ಬಿಟ್ಟುಬಿಡುತ್ತದೆ. ಗಡಿ ಅಲ್ಪವಿರಾಮ ಅಥವಾ ಕೋಲನ್ ಎಂದು ನೀವೇ ಹೇಳಿದರೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಯುನಿಕ್ಸ್‌ನ ಪಾಸ್‌ವರ್ಡ್ ಫೈಲಿನಲ್ಲಿ ಪ್ರತಿ ಬಳಕೆದಾರರಿಗೂ ಒಂದು ಸಾಲು, ಸಾಲಿಗೆ ಕೋಲನ್‌ನಿಂದ ಬೇರ್ಪಟ್ಟ 7 ಅಂಕಣ. ಪೂರ್ತಿ ಹೆಸರು ಬರೆಯುವ ಐದನೆಯದು ಎಷ್ಟೋ ಸಲ ಖಾಲಿಯೇ ಇರುತ್ತದೆ. ಅದನ್ನು ನುಂಗಿಬಿಟ್ಟರೆ ಆರನೆಯದಾದ ಹೋಂ ಡೈರೆಕ್ಟರಿ ಐದಕ್ಕೆ ಜಾರುತ್ತದೆ. ಆಕ್ ಹಾಗೆ ಜಾರಲು ಬಿಡುವುದಿಲ್ಲ.

ಪೈಥಾನ್ ಇದೇ ದಾರಿ ಹಿಡಿಯಿತು. ಸಾಲನ್ನು ಒಡೆಯುವ ಅದರ ಸ್ಪ್ಲಿಟ್‌ಗೆ ಏನನ್ನೂ ಕೊಡದಿದ್ದರೆ ಖಾಲಿ ಜಾಗದ ಗುಂಪುಗಳಲ್ಲಿ ಒಡೆಯುತ್ತದೆ. ಅಲ್ಪವಿರಾಮ ಕೊಟ್ಟರೆ ಒಂದೊಂದರಲ್ಲೂ ಒಡೆಯುತ್ತದೆ. ಎರಡನೆಯ ಕ್ರಮದಲ್ಲಿ ಒಂದು ಚೆಂದದ ನಿಯಮವಿದೆ: ಅಲ್ಪವಿರಾಮ ಎಷ್ಟಿವೆಯೋ ಅದಕ್ಕಿಂತ ಒಂದು ಹೆಚ್ಚು ತುಂಡು, ಯಾವಾಗಲೂ. ಆದ್ದರಿಂದ ತುಂಡುಗಳನ್ನು ಮತ್ತೆ ಅಲ್ಪವಿರಾಮದಿಂದ ಜೋಡಿಸಿದರೆ ಮೂಲ ಸಾಲು ಒಂದು ಚುಕ್ಕೆಯೂ ಬದಲಾಗದೆ ವಾಪಸ್ ಸಿಗುತ್ತದೆ. ಜಾವಾ ಮಾತ್ರ ನಡುವಿನ ಖಾಲಿ ತುಂಡುಗಳನ್ನು ಉಳಿಸಿ, ಸಾಲಿನ ಕೊನೆಯಲ್ಲಿರುವವನ್ನು ಕೈಬಿಡುತ್ತದೆ. ಅವೂ ಬೇಕೆಂದರೆ ಎಷ್ಟು ತುಂಡು ಬೇಕೆಂದು ಹೇಳುವ ಮಿತಿಯ ಜಾಗದಲ್ಲಿ -1 ಕೊಡಬೇಕು.

ಇನ್ನು ಅಲ್ಪವಿರಾಮವೇ ಮಾಹಿತಿಯ ಭಾಗವಾಗಿದ್ದರೆ? 'ಮನೆ ನಂ. 12, ಮಾಳಮಡ್ಡಿ' ಎಂಬ ವಿಳಾಸ ಒಂದೇ ಅಂಕಣ. ಕುರುಡಾಗಿ ಒಡೆದರೆ ಎರಡಾಗುತ್ತದೆ. ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸಿಎಸ್‌ವಿ ಫೈಲುಗಳಲ್ಲಿ ಇಂಥ ಅಂಕಣವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡುತ್ತಾರೆ. ಒಳಗೆ ಆ ಚಿಹ್ನೆಯೇ ಬಂದರೆ ಎರಡು ಸಲ ಬರೆಯುತ್ತಾರೆ. ಎಷ್ಟೋ ವರ್ಷ ರೂಢಿಯಲ್ಲಿದ್ದ ಈ ಪದ್ಧತಿಯನ್ನು 2005ರಲ್ಲಿ ಆರ್‌ಎಫ್‌ಸಿ 4180 ಎಂಬ ದಾಖಲೆಯಲ್ಲಿ ಬರೆದಿಟ್ಟರು. ಇಲ್ಲಿ ಗಡಿ ಹುಡುಕಿದರೆ ಸಾಲದು, ಈಗ ಚಿಹ್ನೆಯ ಒಳಗಿದ್ದೇನೋ ಹೊರಗಿದ್ದೇನೋ ಎಂಬ ಎಚ್ಚರ ಪ್ರತಿ ಅಕ್ಷರಕ್ಕೂ ಬೇಕು. ಅದಕ್ಕೇ ಸಿಎಸ್‌ವಿಗೆ ಸ್ಪ್ಲಿಟ್ ಬಳಸದೆ ಆ ಕೆಲಸಕ್ಕೆಂದೇ ಬರೆದ ಮಾಡ್ಯೂಲ್ ಬಳಸುವುದು ಒಳ್ಳೆಯದು.

ಕನ್ನಡ ಪಠ್ಯಕ್ಕೂ ಈ ಹಳೆಯ ಉಪಕರಣಗಳು ಒದಗುತ್ತವೆ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಅದಕ್ಕೆ ಕಾರಣ 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಮಾತ್ರಾಚಿಹ್ನೆ 3 ಬೈಟ್. 'ಸಾವಿತ್ರಿ' ಎಂದರೆ 24 ಬೈಟ್. ಅವೆಲ್ಲದರ ಬೆಲೆ 128 ಅಥವಾ ಅದಕ್ಕಿಂತ ಹೆಚ್ಚು. ಅಲ್ಪವಿರಾಮದ ಬೆಲೆ 44. ಹಾಗಾಗಿ ಕನ್ನಡದ ಯಾವ ಅಕ್ಷರದ ಹೊಟ್ಟೆಯಲ್ಲೂ ಅಲ್ಪವಿರಾಮದ ಬೈಟ್ ಇರಲು ಸಾಧ್ಯವಿಲ್ಲ, ಕನ್ನಡದ ಗಂಧವೇ ಇಲ್ಲದ ಸ್ಟ್ರ್‌ಟಾಕ್ ಕೂಡ ಅಕ್ಷರವನ್ನು ಸೀಳದೆ ಒಡೆಯುತ್ತದೆ. ಆದರೆ ಹಳೆಯ ಕಾವ್ಯದ ಸಾಲುಗಳನ್ನು ದಂಡದ (।) ಗುರುತಿನಲ್ಲಿ ಒಡೆಯಲು ಹೊರಟರೆ ಕತೆ ಬೇರೆ. ದಂಡವೂ 3 ಬೈಟ್: 224, 165, 164. ಸ್ಟ್ರ್‌ಟಾಕ್ ಇವನ್ನು ಮೂರು ಬೇರೆ ಬೇರೆ ಗಡಿಗಳೆಂದು ತಿಳಿಯುತ್ತದೆ. ಕನ್ನಡದ ಪ್ರತಿ ಅಕ್ಷರ ಶುರುವಾಗುವುದೂ 224ರಿಂದಲೇ ಆದ್ದರಿಂದ ಇಡೀ ಪದ್ಯ ಚೂರುಚೂರಾಗುತ್ತದೆ. ಗಡಿಯನ್ನು ಇಡಿಯಾಗಿ ಹೊಂದಿಸಿ ನೋಡುವ ಪೈಥಾನ್‌ನ ಸ್ಪ್ಲಿಟ್‌ಗೆ ಈ ತೊಡಕಿಲ್ಲ.

ಆದ್ದರಿಂದ ಹೊಸ ಭಾಷೆಯೊಂದನ್ನು ಕೈಗೆತ್ತಿಕೊಂಡಾಗ ಅದರ ಸ್ಪ್ಲಿಟ್‌ಗೆ ಮೊದಲು ನಾಲ್ಕು ಸಾಲು ಕೊಟ್ಟು ನೋಡಿ: ಪೂರ್ತಿ ಖಾಲಿ ಸಾಲು, ಗಡಿಯಿಂದ ಶುರುವಾಗುವ ಸಾಲು, ಗಡಿಯಲ್ಲಿ ಮುಗಿಯುವ ಸಾಲು, ನಡುವೆ ಎರಡು ಗಡಿ ಜೊತೆಯಾಗಿರುವ ಸಾಲು. ಐದು ನಿಮಿಷದ ಕೆಲಸ. ಖಾಲಿ ಬಿಟ್ಟದ್ದೂ ಬರೆದವರು ಕೊಟ್ಟ ಮಾಹಿತಿಯೇ. ಅದನ್ನು ಉಳಿಸಬೇಕೋ ಬಿಡಬೇಕೋ ಎಂಬುದನ್ನು ಉಪಕರಣಕ್ಕೆ ಬಿಡದೆ ತಾವೇ ತಿಳಿದು ತೀರ್ಮಾನಿಸುವವರು ಈ ಕಸುಬಿನಲ್ಲಿ ಪಳಗಿದವರು.