ನಡುಗಾಲದ ನ್ಯಾಯ

‘ಮಧ್ಯಂತರ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ನಾಟಕದ ಬಿಡುವು. ಪರದೆ ಬೀಳುತ್ತದೆ, ಪ್ರೇಕ್ಷಕರು ಕಾಫಿಗೆಂದು ಏಳುತ್ತಾರೆ, ಕಥೆ ಅಲ್ಲಿಯೇ ನಿಂತಿರುತ್ತದೆ. ಕೌಟುಂಬಿಕ ನ್ಯಾಯಾಲಯ ಹೊರಡಿಸುವ ಮಧ್ಯಂತರ ಆದೇಶದ ಸಂಗತಿ ಹಾಗಲ್ಲ. ಬೇರೆಯಾದ ಗಂಡಹೆಂಡಿರ ಮೊಕದ್ದಮೆ ಮುಗಿಯಲು ಹಲವು ವರ್ಷಗಳೇ ಹಿಡಿಯಬಹುದು. ಆ ವರ್ಷಗಳಲ್ಲಿ ಬಾಡಿಗೆ ಕೊಡಬೇಕು, ಶಾಲೆಯ ಶುಲ್ಕ ಕಟ್ಟಬೇಕು. ಅರ್ಜಿ ಹಾಕಿದಾಗ ಅಕ್ಷರ ತಿದ್ದುತ್ತಿದ್ದ ಮಗು ತೀರ್ಪಿನ ವೇಳೆಗೆ ಕಾದಂಬರಿ ಓದುತ್ತಿರಬಹುದು. ಬಾಲ್ಯದ ಬಹುಭಾಗ ಕಳೆಯುವುದು ಅಂತಿಮ ತೀರ್ಪಿನ ನೆರಳಿನಲ್ಲಲ್ಲ, ಈ ನಡುವಣ ಆದೇಶದ ನೆರಳಿನಲ್ಲಿ. ಆದಕಾರಣ ಇದನ್ನು ತಾತ್ಕಾಲಿಕವೆಂದು ಉದಾಸೀನ ಮಾಡುವುದು ಸಲ್ಲದು.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಈ ನ್ಯಾಯಾಲಯಗಳಿಗೆ ಮೊದಲು ಒಪ್ಪಿಸಿದ ಕೆಲಸ ರಾಜಿಯ ಪ್ರಯತ್ನ. ರಾಜಿಯ ಮಾತು ನಡೆಯುತ್ತಿರುವಾಗಲೂ ಹೊಟ್ಟೆ ಸುಮ್ಮನಿರುವುದಿಲ್ಲವಷ್ಟೆ. ಅದಕ್ಕಾಗಿ 1955ರ ಹಿಂದೂ ವಿವಾಹ ಕಾಯಿದೆಯ 24ನೆಯ ಸೆಕ್ಷನ್ ಉಂಟು. ಸ್ವಂತ ಆದಾಯ ಸಾಲದವರು, ಹೆಂಡತಿಯಾಗಲಿ ಗಂಡನಾಗಲಿ, ಮೊಕದ್ದಮೆ ನಡೆಯುವಷ್ಟು ಕಾಲ ಜೀವನಾಂಶವನ್ನೂ ದಾವೆಯ ಖರ್ಚನ್ನೂ ಕೇಳಬಹುದು. ನೋಟೀಸು ತಲುಪಿದ 60 ದಿನಗಳೊಳಗೆ ಇಂಥ ಅರ್ಜಿಯನ್ನು ಸಾಧ್ಯವಾದಮಟ್ಟಿಗೆ ಇತ್ಯರ್ಥಪಡಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ‘ಸಾಧ್ಯವಾದಮಟ್ಟಿಗೆ’ ಎಂಬ ಆ ಒಂದು ಮಾತಿನ ಬಾಗಿಲಿನಿಂದ ಎಷ್ಟು ತಿಂಗಳುಗಳು ನುಸುಳಿಹೋಗುತ್ತವೆಂಬುದನ್ನು ನ್ಯಾಯಾಲಯದ ಜಗಲಿಯಲ್ಲಿ ಕಾದವರೇ ಬಲ್ಲರು. 2020ರಲ್ಲಿ ಸುಪ್ರೀಂ ಕೋರ್ಟು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಎರಡು ಉಪಕಾರ ಮಾಡಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕು. ವಿಳಂಬ ಮಾಡಿ ಲಾಭ ಪಡೆಯುವ ಆಟಕ್ಕೆ ಇದರಿಂದ ಕಡಿವಾಣ ಬಿದ್ದಿತು.

ಆಸ್ತಿಯ ವಿಷಯದಲ್ಲಿ ಜನರ ನಿರೀಕ್ಷೆ ದೊಡ್ಡದು, ಕಾಯಿದೆಯ ಕೈ ಚಿಕ್ಕದು. ಮದುವೆಯಾದ ಮಾತ್ರಕ್ಕೆ ಗಂಡನ ಗಳಿಕೆಯಲ್ಲಿ ಅರ್ಧ ಹೆಂಡತಿಯದಾಗುವ ಪದ್ಧತಿ ನಮ್ಮಲ್ಲಿಲ್ಲ. ನಡುಗಾಲದ ಆದೇಶ ಸಾಮಾನ್ಯವಾಗಿ ಪಾಲು ಮಾಡುವುದಿಲ್ಲ. ಇದ್ದುದನ್ನು ಇದ್ದಂತೆ ಕಾಯುತ್ತದೆ. ಮನೆಯನ್ನು ಮಾರಕೂಡದು, ಪರಭಾರೆ ಮಾಡಕೂಡದು ಎಂದು ತಡೆಯಾಜ್ಞೆ ಕೊಡಬಹುದು. ದೌರ್ಜನ್ಯದ ದೂರಿದ್ದಲ್ಲಿ 2005ರ ಕಾಯಿದೆಯ ನೆರವೂ ದೊರೆಯುತ್ತದೆ. ಜೊತೆಯಾಗಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು, ಸ್ತ್ರೀಧನವನ್ನು ಮರಳಿ ಕೊಡಿಸುವುದು, ಮಕ್ಕಳ ತಾತ್ಕಾಲಿಕ ಅಭಿರಕ್ಷೆ, ಇವೆಲ್ಲ ಅದರಲ್ಲಿವೆ. ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಅದು ಜೊತೆಯಾಗಿ ಬಾಳಿದ ಮನೆಯಾಗಬಲ್ಲುದೆಂದು 2020ರಲ್ಲಿಯೇ ಇನ್ನೊಂದು ತೀರ್ಪು ಹೇಳಿತು. ಸ್ತ್ರೀಧನವೆಂದಾಗ ಕನ್ನಡಿಗರಾದ ನಾವು ಕಲ್ಯಾಣದ ವಿಜ್ಞಾನೇಶ್ವರನನ್ನು ಸ್ಮರಿಸದಿರಲಾಗದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ಆತ ತನ್ನ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಆ ಪದದ ಅರ್ಥವನ್ನು ಬಹಳ ವಿಶಾಲಗೊಳಿಸಿದ. ಇಷ್ಟು ಹಳೆಯ ಮಾತಾಗಿದ್ದೂ ಒಡವೆಯ ಪೆಟ್ಟಿಗೆಗಾಗಿ ಇಂದೂ ಅರ್ಜಿ ಬರೆಯಬೇಕಾಗಿರುವುದು ವಿಷಾದದ ಸಂಗತಿ.

ಮಕ್ಕಳ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯಿದೆ ಹೇಳುತ್ತದೆ. ಆದರೆ ಮಗುವಿನ ಕ್ಷೇಮವೇ ಎಲ್ಲಕ್ಕೂ ಮೇಲೆಂದು ಅದೇ ಕಾಯಿದೆ ಸಾರುತ್ತದೆ. ವಿವಾಹ ಕಾಯಿದೆಯ 26ನೆಯ ಸೆಕ್ಷನ್ ಅಭಿರಕ್ಷೆ, ಪೋಷಣೆ, ವಿದ್ಯಾಭ್ಯಾಸಗಳ ಬಗೆಗೆ ಆಗಾಗ ಮಧ್ಯಂತರ ಆದೇಶ ಕೊಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಇತ್ತಿದೆ. ಮಕ್ಕಳ ಇಚ್ಛೆಯನ್ನೂ ಸಾಧ್ಯವಿದ್ದಲ್ಲಿ ಗಮನಿಸಬೇಕೆಂದಿದೆ. ಮಕ್ಕಳು ತಂದೆತಾಯಿಯರ ಚರಾಸ್ತಿಯಲ್ಲವೆಂದು ಸುಪ್ರೀಂ ಕೋರ್ಟು 1973ರಷ್ಟು ಹಿಂದೆಯೇ ಹೇಳಿದ್ದುಂಟು.

ಆದರೂ ಮಗು ಯಾರಿಗೆ ಸಿಕ್ಕಿತು ಎಂದೇ ನಾವು ಕೇಳುತ್ತೇವೆ. ಪ್ರಶ್ನೆಯಲ್ಲಿಯೇ ದೋಷವಿದೆ. ಮಧ್ಯಂತರ ಆದೇಶ ಯಾರ ಗೆಲುವನ್ನೂ ಸಾರುವುದಿಲ್ಲ. ಮೇಲ್ನೋಟಕ್ಕೆ ಕಂಡದ್ದನ್ನು ಆಧರಿಸಿ, ಸದ್ಯಕ್ಕೆ ಮಗು ಎಲ್ಲಿ ನೆಮ್ಮದಿಯಾಗಿ ಉಂಡು ಮಲಗಬಲ್ಲುದೆಂದು ನೋಡುತ್ತದೆ. ಇದರಲ್ಲಿ ಒಂದು ಅಪಾಯವಿಲ್ಲದಿಲ್ಲ. ಮಗು ಒಂದು ಮನೆಗೆ, ಒಂದು ಶಾಲೆಗೆ ಒಗ್ಗಿಹೋದ ಮೇಲೆ ಅದನ್ನು ಕದಲಿಸಲು ಯಾವ ನ್ಯಾಯಾಧೀಶರೂ ಹಿಂಜರಿಯುತ್ತಾರೆ. ಹೀಗೆ ತಾತ್ಕಾಲಿಕವಾದದ್ದು ಮೆಲ್ಲಮೆಲ್ಲನೆ ಶಾಶ್ವತವಾಗುತ್ತದೆ. ಮೊದಲ ಅರ್ಜಿಯನ್ನು ಕೋಪದಲ್ಲಿ ಬರೆಯಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನಗೆ ದೊರೆತ ಆದೇಶವನ್ನು ಓದಿ ಅರ್ಥ ಹೇಳಿರೆಂದು ತಂದಿದ್ದಳು. ತಂದೆ ಭಾನುವಾರ ಮಗನನ್ನು ನೋಡಬಹುದೆಂದು ಅದರಲ್ಲಿತ್ತು. ಎಷ್ಟು ಗಂಟೆಗೆ, ಎಲ್ಲಿ, ಕರೆತರುವವರಾರು, ಹಬ್ಬ ಬಂದರೆ ಹೇಗೆ, ಜ್ವರ ಬಂದರೆ ಹೇಗೆ, ಒಂದೂ ಇರಲಿಲ್ಲ. ‘ಮೇಷ್ಟ್ರೇ, ಪ್ರತಿ ಭಾನುವಾರವೂ ಬಾಗಿಲಲ್ಲೇ ಜಗಳ, ಅವನು ಶನಿವಾರ ರಾತ್ರಿಯಿಂದಲೇ ಮಾತು ಬಿಡುತ್ತಾನೆ’ ಎಂದಳು. ವಾಕ್ಯದಲ್ಲಿ ವ್ಯಾಕರಣ ದೋಷವೇನೂ ಇರಲಿಲ್ಲ. ಮಗುವಿನ ವಾರಕ್ಕೆ ಬೇಕಾದ ವಿವರವಿರಲಿಲ್ಲ, ಅಷ್ಟೆ. ಇಂಥ ಆದೇಶವನ್ನು ಮಾರ್ಪಡಿಸಿರೆಂದು ಅದೇ ನ್ಯಾಯಾಲಯವನ್ನು ಕೇಳಲು ಅವಕಾಶವುಂಟು; ವಕೀಲರನ್ನು ಕಾಣೆಂದೆ. ಅವಳ ವಕೀಲರು ಮತ್ತೆ ಅರ್ಜಿ ಹಾಕಿದರು. ಈಗ ಗಂಟೆಯೂ ಸ್ಥಳವೂ ನಿಗದಿಯಾಗಿವೆ. ಬೇಸಗೆಯ ರಜೆ ಇಬ್ಬರಿಗೂ ಹಂಚಿಕೆಯಾಗಿದೆ. ಬುಧವಾರ ಸಂಜೆ ತಂದೆ ವೀಡಿಯೋ ಕರೆಯಲ್ಲಿ ಮಾತನಾಡುತ್ತಾನೆ. ಹುಡುಗ ಅವನಿಗೆ ಪಾಠದ ಪದ್ಯವನ್ನು ಒಪ್ಪಿಸುತ್ತಾನಂತೆ. ಮೊಕದ್ದಮೆ ಇನ್ನೂ ನಡೆಯುತ್ತಲೇ ಇದೆ.