ಒಂದೇ ಹೊಲ, ಎರಡು ಅಳತೆ

ಗೋಧಿ ಹೊಲದ ಇಳುವರಿ ತಿಳಿಯಲು ಹೊಲವನ್ನೆಲ್ಲ ಕೊಯ್ದು ತೂಗಲಾಗದು. ಒಂದು ತುಂಡು ಗುರುತಿಸಿ, ಅಷ್ಟನ್ನೇ ಕೊಯ್ದು ಲೆಕ್ಕ ಹಾಕುತ್ತಾರೆ. ಆ ತುಂಡು ಎಷ್ಟು ದೊಡ್ಡದಿರಬೇಕು? 1940ರ ದಶಕದಲ್ಲಿ ಈ ಪ್ರಶ್ನೆ ದೇಶದ ಇಬ್ಬರು ದೊಡ್ಡ ಸಂಖ್ಯಾಶಾಸ್ತ್ರಜ್ಞರ ನಡುವೆ ಜಗಳವನ್ನೇ ತಂದಿತು. ಕೋಲ್ಕತ್ತದ ಪಿ.ಸಿ. ಮಹಾಲನೋಬಿಸ್ ಚಿಕ್ಕ ತುಂಡು ಸಾಕೆಂದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದ ಪಾಂಡುರಂಗ ವಾಸುದೇವ ಸುಖಾತ್ಮೆ ಒಪ್ಪಲಿಲ್ಲ. ಬೇರೆ ಬೇರೆ ಅಳತೆಯ ತುಂಡುಗಳನ್ನು ಕೊಯ್ಯಿಸಿ ಹೋಲಿಸಿದರು. ತುಂಡು ಚಿಕ್ಕದಾದಷ್ಟೂ ಇಳುವರಿ ಉಬ್ಬಿ ಕಾಣುತ್ತಿತ್ತು! ಗೆರೆಯ ಮೇಲೆ ನಿಂತ ಪೈರನ್ನು ಕೊಯ್ಯುವವರು ಒಳಕ್ಕೇ ಸೇರಿಸಿಕೊಳ್ಳುತ್ತಾರೆ. ಚಿಕ್ಕ ತುಂಡಿಗೆ ಒಳಭಾಗದ ಲೆಕ್ಕದಲ್ಲಿ ಅಂಚು ಜಾಸ್ತಿ. 1946ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಇಂಥ ಹೋಲಿಕೆಗೆ ಒಂದು ಜಾಣತನ ಬೇಕು. ಚಿಕ್ಕ ತುಂಡನ್ನು ಎರೆಭೂಮಿಯಲ್ಲಿ, ದೊಡ್ಡದನ್ನು ಕಲ್ಲುನೆಲದಲ್ಲಿ ಕೊಯ್ದರೆ ವ್ಯತ್ಯಾಸ ನೆಲದ್ದೋ, ಅಳತೆಯದ್ದೋ? ಎರಡನ್ನೂ ಒಂದೇ ಹೊಲದಲ್ಲಿ ಕೊಯ್ದು, ಒಂದರಿಂದ ಇನ್ನೊಂದನ್ನು ಕಳೆದರೆ ನೆಲದ ಗುಣ ಲೆಕ್ಕದಿಂದ ಹೊರಬೀಳುತ್ತದೆ. ಹೀಗೆ ಹೊಲಹೊಲದಲ್ಲೂ ಸಿಕ್ಕ ವ್ಯತ್ಯಾಸಗಳ ಸರಾಸರಿ ಸೊನ್ನೆಯಿಂದ ನಿಜಕ್ಕೂ ದೂರವಿದೆಯೇ ಎಂದು ನೋಡುವುದೇ ಜೋಡಿ ಟಿ-ಪರೀಕ್ಷೆ.

ಇದರ ಮೂಲಪುರುಷ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್. ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಆತ 1908ರಲ್ಲಿ ಬರೆದ ಲೇಖನದಲ್ಲಿ ಹತ್ತು ರೋಗಿಗಳಿಗೆ ಎರಡು ನಿದ್ರೆ ಔಷಧ ಕೊಟ್ಟ ಲೆಕ್ಕವಿದೆ. ಒಬ್ಬರಿಗೆ ಮೊದಲ ಔಷಧದಿಂದ 3.7 ಗಂಟೆ ಹೆಚ್ಚು ನಿದ್ರೆ, ಎರಡನೆಯದರಿಂದ 5.5. ಇನ್ನೊಬ್ಬರಿಗೆ ಮೊದಲನೆಯದರಿಂದ ಇದ್ದ ನಿದ್ರೆಯೂ 1.2 ಗಂಟೆ ಕಡಿಮೆ, ಎರಡನೆಯದರಿಂದ 0.1 ಗಂಟೆ ಹೆಚ್ಚು. ಜನರ ನಡುವೆ ಅಜಗಜಾಂತರ! ಆದರೆ ಒಬ್ಬೊಬ್ಬರಲ್ಲೇ ಕಳೆದು ನೋಡಿದರೆ ಒಂಬತ್ತು ಮಂದಿಗೆ ಎರಡನೆಯದೇ ಮೇಲು, ಒಬ್ಬರಿಗೆ ಎರಡೂ ಸಮ. ಸರಾಸರಿ ಅಂತರ 1.58 ಗಂಟೆ. ಔಷಧಗಳಲ್ಲಿ ಭೇದವೇ ಇಲ್ಲದಿದ್ದರೆ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಂಭವ ಸುಮಾರು ಸಾವಿರಕ್ಕೆ ಮೂರು. ಅದೇ ಅಂಕಿಗಳ ಜೋಡಿ ಮುರಿದು, ಇಪ್ಪತ್ತು ಬೇರೆ ಬೇರೆ ಜನರೆಂದು ಎಣಿಸಿದರೆ ಸಂಭವ ನೂರಕ್ಕೆ ಎಂಟಕ್ಕೆ ಏರುತ್ತದೆ. ನೂರಕ್ಕೆ ಐದರೊಳಗಿದ್ದರಷ್ಟೇ ನಂಬುವ ವಾಡಿಕೆಯಲ್ಲಿ ಇದು ನಪಾಸು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ವರ್ಷಗಟ್ಟಲೆ ದುಡಿದು ಪುಣೆಗೆ ಮರಳಿದ ಸುಖಾತ್ಮೆ, ಊಟದ ವಿಷಯವನ್ನೂ ಇದೇ ಕಣ್ಣಿನಿಂದ ನೋಡಿದರು. ಒಬ್ಬನೇ ಮನುಷ್ಯನ ಆಹಾರದ ಪ್ರಮಾಣ ದಿನದಿನಕ್ಕೂ ಏರಿಳಿಯುತ್ತದೆ. ಸರಾಸರಿ ಅಗತ್ಯಕ್ಕಿಂತ ಕಡಿಮೆ ತಿಂದವರೆಲ್ಲ ಹಸಿದವರೆಂದು ಎಣಿಸಬಾರದು ಎಂದರು. ಬಡತನವನ್ನು ತಗ್ಗಿಸಿ ತೋರಿಸುವ ವಾದವೆಂದು ಟೀಕೆಯೂ ಸಾಕಷ್ಟು ಬಂತು.

ಹೊಲದ ವಿಷಯದಲ್ಲಂತೂ ಅವರ ಮಾತೇ ನಿಂತಿತು. ಇಂದಿನ ಬೆಳೆ ಕಟಾವು ಪ್ರಯೋಗದಲ್ಲಿ ರಾಗಿ, ಭತ್ತಕ್ಕೆ 5 ಮೀಟರ್ ಚೌಕ ಕೊಯ್ಯುವುದು ರೂಢಿ. ಬೆಳೆ ವಿಮೆಗೂ ಈ ಲೆಕ್ಕವೇ ಆಧಾರವಾದ್ದರಿಂದ, ಇಳುವರಿ ಉಬ್ಬಿದರೆ ಪರಿಹಾರ ಕುಗ್ಗುತ್ತದೆ; ಕಟಾವಿನ ದಿನ ರೈತರು ಹೊಲದಲ್ಲಿದ್ದು ಟೇಪಿನ ಅಳತೆ ನೋಡಿಕೊಳ್ಳುವುದು ಒಳ್ಳೆಯದು.