ದೊಡ್ಡ ಕರುಳಿನ ತೊಂದರೆಗೆ ಸಣ್ಣ ಗಾಯದ ಶಸ್ತ್ರಚಿಕಿತ್ಸೆ



ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ಅಡಿಕೆ ಕೊಯ್ಲು ಮುಗಿಯಲಿ, ಕಾಫಿ ಒಣಗಲಿ ಎಂದು ದಿನ ದೂಡುವವರು ನಮ್ಮಲ್ಲಿ ಬಹಳ. ಆಪರೇಷನ್ ಆದರೆ ತಿಂಗಳುಗಟ್ಟಲೆ ಮಲಗಬೇಕೆಂಬ ಭಯವೂ ಇದಕ್ಕೆ ಕಾರಣ. ಆ ಭಯಕ್ಕೆ ಈಗ ಮೊದಲಿನಷ್ಟು ಆಧಾರವಿಲ್ಲ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಕ್ಯಾನ್ಸರ್ ಅಲ್ಲದ ತೊಂದರೆಗಳೂ ಇದಕ್ಕೆ ಹಲವು. ಒಳಗೋಡೆಯಲ್ಲಿ ಪಾಲಿಪ್ ಎಂಬ ಮಾಂಸದ ಗಂಟು ಬೆಳೆಯಬಹುದು, ಗೋಡೆ ದುರ್ಬಲವಾದಲ್ಲಿ ಸಣ್ಣ ಚೀಲಗಳು ಉಬ್ಬಿ ಉರಿಯೂತವಾಗಬಹುದು, ಕರುಳೇ ತಿರುಚಿಕೊಳ್ಳಬಹುದು.

ಇವಕ್ಕೆಲ್ಲ ಹೊಟ್ಟೆ ಕೊಯ್ಯಬೇಕಾಗಿಲ್ಲ. ಚೀಲಗಳಿರುವ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯೇ ಬೇಡ. ಹೆಚ್ಚಿನ ಪಾಲಿಪ್‌ಗಳನ್ನು ಗುದದ್ವಾರದ ಮೂಲಕ ಕೊಲನೋಸ್ಕೋಪ್ ತೂರಿಸಿ, ತಂತಿಯ ಕುಣಿಕೆಯಿಂದಲೇ ಕತ್ತರಿಸಿ ತೆಗೆಯುತ್ತಾರೆ. 1969ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ವಿಧಾನವಿದು. ಕೆಲವು ಬಗೆಯ ಪಾಲಿಪ್‌ಗಳು ವರ್ಷಗಳು ಕಳೆದಂತೆ ಕ್ಯಾನ್ಸರ್‌ಗೆ ತಿರುಗುವುದರಿಂದ ತಡಮಾಡುವುದು ಸಲ್ಲದು.

ಕರುಳಿನ ಭಾಗವನ್ನೇ ತೆಗೆಯಬೇಕಾದಾಗ ಲ್ಯಾಪರೋಸ್ಕೋಪಿಯ ನೆರವುಂಟು. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಜಾಗ ಮಾಡಿಕೊಂಡು, 5ರಿಂದ 12 ಮಿಲಿಮೀಟರ್‌ನ ಕೆಲವು ರಂಧ್ರಗಳ ಮೂಲಕ ಕ್ಯಾಮರಾ ಮತ್ತು ಉಪಕರಣಗಳನ್ನು ಇಳಿಸುತ್ತಾರೆ. ತೋಟದ ಪಿ.ವಿ.ಸಿ. ಪೈಪಿನ ಕೆಟ್ಟ ತುಂಡು ಕತ್ತರಿಸಿ ಎರಡು ತುದಿ ಸೇರಿಸುವಂತೆ, ರೋಗದ ಭಾಗ ತೆಗೆದು ಕರುಳನ್ನು ಜೋಡಿಸುತ್ತಾರೆ. ತೆಗೆದ ಭಾಗವನ್ನು ಹೊರತರಲು ಕೆಲವೇ ಸೆಂಟಿಮೀಟರ್‌ನ ಒಂದು ಗಾಯ ಸಾಕು. 1990ರ ದಶಕದಿಂದ ಕರುಳಿಗೆ ಈ ಕ್ರಮ ಹಬ್ಬಿದೆ. ಇದರಲ್ಲಿ ನೋವು ಕಡಿಮೆ, ಗಾಯ ಕೀವಾಗುವುದು ಕಡಿಮೆ, ಆಸ್ಪತ್ರೆವಾಸವೂ ಕಡಿಮೆ.

ಆದರೆ ಇದು ಚಿಕ್ಕ ಆಪರೇಷನ್ ಅಲ್ಲ. ಗಾಯ ಮಾತ್ರ ಚಿಕ್ಕದು. ಕರುಳಿನ ಜೋಡಣೆ ಸೋರುವ ಅಪಾಯ ಇಲ್ಲಿಯೂ ಇದೆ. ನಡುವೆ ತೊಡಕು ಕಂಡರೆ ವೈದ್ಯರು ಹೊಟ್ಟೆ ತೆರೆಯಬೇಕಾಗಬಹುದು. ಅದನ್ನು ಸೋಲೆಂದು ಎಣಿಸಬಾರದು. ಮನೆಗೆ ಬಂದ ಮೇಲೂ ಕೆಲವು ವಾರ ಗೊಬ್ಬರದ ಮೂಟೆ, ಅಡಿಕೆ ಗೊನೆ ಹೊರುವಂತಿಲ್ಲ.

ಆದ್ದರಿಂದ ಒಪ್ಪಿಗೆ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿರಿ: ಶಸ್ತ್ರಚಿಕಿತ್ಸೆ ನಿಜಕ್ಕೂ ಬೇಕೆ? ತಾವು ಇಂಥವನ್ನು ಎಷ್ಟು ಮಾಡಿದ್ದೀರಿ? ಒಟ್ಟು ಖರ್ಚೆಷ್ಟು? ತುರ್ತಿಲ್ಲವೆಂದು ವೈದ್ಯರು ಹೇಳಿದರೆ ಕೊಯ್ಲು ನೋಡಿಕೊಂಡು ದಿನ ಗೊತ್ತುಮಾಡಬಹುದು. ಹೊಟ್ಟೆ ಉಬ್ಬಿ, ಮಲವೂ ಗಾಳಿಯೂ ನಿಂತು, ನೋವು ಹೆಚ್ಚಿದರೆ ಮಾತ್ರ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿರಿ. ತಿರುಚಿಕೊಂಡ ಕರುಳು ಕೊಯ್ಲು ಮುಗಿಯುವವರೆಗೆ ಕಾಯುವುದಿಲ್ಲ.

— ಕಾರ್ಯದರ್ಶಿ